ಗದ್ದೆಯ ಕೆಸರು ಬೇರೆ, ಕೊಲ್ಲಿಯ ಕೆಸರು ಬೇರೆ

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರವನ್ನು ಎರಡು ಬಾರಿ ಓದಿದೆ. ಸ್ಯಾನ್ ಹೋಸೆಗೆ ಬಂದು ಎಂಟು ತಿಂಗಳಾಯಿತು, ಕಚೇರಿಯ ಹಿರಿಯರೊಬ್ಬರು ಈ ಚಳಿಗಾಲದಲ್ಲಿ ತಮ್ಮ ದೋಣಿಯಲ್ಲಿ ಬಾತು ಬೇಟೆಗೆ ಕರೆದಿದ್ದಾರೆ, ವೀಸಾದ ಮೇಲಿರುವವನು ಕೋವಿ ಹಿಡಿಯಬಹುದೇ, ಏನು ತೊಡಬೇಕು ಎಂದೆಲ್ಲ ಕೇಳಿದ್ದೀಯ. ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ಕೆಸರಿನ ವಿಷಯದಲ್ಲಿ ಅವರು ಬಹಳ ಹೆದರಿಸುತ್ತಾರೆ ಅಕ್ಕ, ಆದರೆ ನಾನು ಪುತ್ತೂರಿನ ಗದ್ದೆಯಲ್ಲಿ ಬೆಳೆದವನು, ಕೆಸರುಗದ್ದೆ ಓಟದಲ್ಲಿ ಗೆದ್ದವನು." ಈ ಪತ್ರ ಇಷ್ಟು ಉದ್ದವಾಗಿರುವುದು ಆ ಒಂದು ಸಾಲಿನಿಂದಾಗಿ.

ಮೊದಲು ಕಾನೂನಿನ ಮಾತು ಮುಗಿಸುತ್ತೇನೆ. ತಾತ್ಕಾಲಿಕ ವೀಸಾದ ಮೇಲಿರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಇಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಆ ಪರವಾನಗಿ ಸಿಗಬೇಕಾದರೆ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗಾರರ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಆದ್ದರಿಂದ ಕೋರ್ಸ್ ಮೊದಲು, ಪರವಾನಗಿ ಆಮೇಲೆ, ವಲಸೆ ವಕೀಲರಿಂದ ಲಿಖಿತ ಸಲಹೆ ಅದರ ಜೊತೆಗೆ. ಇವೆಲ್ಲ ಆಗುವವರೆಗೆ ಸ್ನೇಹಿತರ ಕೋವಿಯನ್ನು 'ಒಮ್ಮೆ ನೋಡುತ್ತೇನೆ' ಎಂದು ಕೂಡ ಕೈಗೆ ತೆಗೆದುಕೊಳ್ಳಬೇಡ. ನಾನು ಕೊಡಗಿನವಳು. ಮನೆಯ ಗೋಡೆಯಲ್ಲಿ ಕೋವಿ ನೋಡುತ್ತ ಬೆಳೆದವಳು, ಕೋವಿಗೆ ಪೂಜೆ ಮಾಡುವ ನಮ್ಮ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟವಳು. ಊರಿನ ಆ ಸಲುಗೆಯನ್ನು ಇಲ್ಲಿಗೆ ತರಬಾರದೆಂದು ನಾನೂ ಕಲಿಯಬೇಕಾಯಿತು. ಪರವಾನಗಿಯ ಮೇಲೆ ಕೇಂದ್ರ ಸರ್ಕಾರದ ಬಾತು ಸ್ಟಾಂಪ್ ಬೇಕು, ಅದಕ್ಕೆ 25 ಡಾಲರ್. ಸೀಸದ ಚರೆ ತುಂಬಿದ ತೋಟೆ ಕೂಡದು. ನೀರುಹಕ್ಕಿಗಳ ಬೇಟೆಯಲ್ಲಿ 1991ರಿಂದಲೂ ದೇಶದಾದ್ಯಂತ ಅದಕ್ಕೆ ನಿಷೇಧವಿದೆ.

ಇನ್ನು ಕೆಸರು.

ನಮ್ಮ ಗದ್ದೆಯನ್ನು ನೆನಪಿಸಿಕೋ. ತಲೆಮಾರುಗಳಿಂದ ಉತ್ತು, ಹದಗೊಳಿಸಿ, ಎತ್ತುಗಳು ತುಳಿದು ತುಳಿದು, ಒಂದು ಗೇಣು ಕೆಳಗೆ ನೆಲ ಗಟ್ಟಿಯಾಗಿ ಕೂತಿರುತ್ತದೆ. ಗದ್ದೆಯಲ್ಲಿ ನೀರು ನಿಲ್ಲುವುದೇ ಆ ಗಟ್ಟಿ ಪದರದಿಂದ. ಓಟದ ದಿನ ನಿನ್ನ ಹೆಜ್ಜೆ ಕೆಸರನ್ನು ಸೀಳಿಕೊಂಡು ಹೋಗಿ ಆ ಪದರಕ್ಕೆ ತಾಗಿ ಚಿಮ್ಮುತ್ತಿತ್ತು. ನೀನು ಓಡಿದ್ದು ಕೆಸರಿನ ಕೆಳಗಿದ್ದ ನೆಲದ ಮೇಲೆ. ನಾಟಿ ಮುಗಿದ ದಿನ ದೊಡ್ಡ ಗದ್ದೆಯಲ್ಲಿ ಓಡುವ ಪದ್ಧತಿ ನಮ್ಮಲ್ಲೂ ಇದೆ, ನಾನೂ ಓಡಿದ್ದೇನೆ, ನಿನ್ನ ಧೈರ್ಯ ಎಲ್ಲಿಂದ ಬಂದಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನನ್ನ ಧೈರ್ಯವನ್ನು ಈ ದೇಶ ಇನ್ನಷ್ಟು ಬೆಳೆಸಿತು. ನಾವು ಮೊದಲು ಬೇಟೆಗೆ ಹೋದದ್ದು ಸ್ಯಾಕ್ರಮೆಂಟೊ ಕಣಿವೆಯ ಕೊಲೂಸಾ ಕಡೆಯ ಭತ್ತದ ಗದ್ದೆಗಳಿಗೆ. ಹೌದು, ಭತ್ತ. ಹಿಂದೆ ಇಲ್ಲಿನ ರೈತರು ಕೊಯ್ಲಾದ ಮೇಲೆ ಹುಲ್ಲನ್ನು ಸುಡುತ್ತಿದ್ದರು. 1991ರ ಕಾನೂನು ಆ ಸುಡುವಿಕೆಯನ್ನು ಹಂತಹಂತವಾಗಿ ಕಡಿಮೆ ಮಾಡಿಸಿದ ಮೇಲೆ, ಹುಲ್ಲು ಕೊಳೆಯಲೆಂದು ಚಳಿಗಾಲದಲ್ಲಿ ಗದ್ದೆಗೆ ನೀರು ಬಿಡುವುದು ರೂಢಿಯಾಯಿತು. ಉದುರಿದ ಕಾಳಿಗಾಗಿ ಉತ್ತರದಿಂದ ಬಾತುಗಳು ಲಕ್ಷಗಟ್ಟಲೆ ಇಳಿಯುತ್ತವೆ. ಸೂಜಿಬಾಲದ ಬಾತು ಅಲ್ಲಿ ಹಿಂಡುಹಿಂಡಾಗಿ ಏಳುವುದನ್ನು ನೋಡಿದರೆ ನಮ್ಮ ಕೆರೆಗಳಿಗೆ ಡಿಸೆಂಬರಿನಲ್ಲಿ ಬರುವ ಅದೇ ಜಾತಿಯ ಹಕ್ಕಿಗಳ ನೆನಪಾಗುತ್ತದೆ. ಆ ಗದ್ದೆಗಳಿಗೂ ನಮ್ಮವುಗಳಂತೆ ತಳವಿದೆ. ಎರಡು ಋತು ಅಲ್ಲಿ ನಿರಾಳವಾಗಿ ನಡೆದಾಡಿದೆ. ಜೊತೆಗಿದ್ದ ಇಲ್ಲಿನವರು ಕಾಲು ಕಿತ್ತು ಇಡಲು ಒದ್ದಾಡುವಾಗ ನಾನು ಮುಂದೆ ಹೋಗಿ ಕಾಯುತ್ತಿದ್ದೆ.

ಮೂರನೆಯ ವರ್ಷ ಸುಸೂನ್ ಜೌಗಿಗೆ ಹೋದೆವು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉಪ್ಪುನೀರೂ ನದಿಗಳ ಸಿಹಿನೀರೂ ಕೂಡುವ ಜಾಗ ಅದು, 1,16,000 ಎಕರೆ. ಅಲ್ಲಿನ ಹೂಳಿಗೆ ಒಂದು ಚರಿತ್ರೆಯೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿನ್ನಕ್ಕಾಗಿ ಸಿಯೆರಾ ಬೆಟ್ಟಗಳನ್ನು ನೀರಿನ ಕೊಳವೆಗಳಿಂದ ಕೊರೆದು ಕೆಡವಿದರು. 1884ರಲ್ಲಿ ನ್ಯಾಯಾಲಯ ತಡೆಯುವ ಹೊತ್ತಿಗೆ ಆ ಮಣ್ಣು ನದಿಗುಂಟ ಇಳಿದು ಈ ಕೊಲ್ಲಿಗಳನ್ನು ಅಷ್ಟಷ್ಟು ತುಂಬಿಬಿಟ್ಟಿತ್ತು. ಇದನ್ನು ನಾನು ಓದಿ ತಿಳಿದದ್ದು ಆಮೇಲೆ. ಆ ದಿನ ತಿಳಿದದ್ದು ಇಷ್ಟೇ: ನನ್ನ ಗುಂಡು ತಾಗಿದ ಒಂದು ಬಾತು ದೋಣಿಯಿಂದ ಇಪ್ಪತ್ತು ಅಡಿ ದೂರದಲ್ಲಿ, ನೀರು ಇಳಿದು ಮಿನುಗುತ್ತಿದ್ದ ಬಯಲಿನ ಮೇಲೆ ಬಿದ್ದಿತ್ತು. ಯಾರನ್ನೂ ಕೇಳದೆ ಇಳಿದೆ. ಮೂರನೆಯ ಹೆಜ್ಜೆಗೆ ಮೊಣಕಾಲು, ಐದನೆಯ ಹೆಜ್ಜೆಗೆ ತೊಡೆ. ಕಾಲಿನ ಕೆಳಗೆ ಆ ಗಟ್ಟಿ ಪದರ ಬರುತ್ತದೆ, ಈಗ ಬರುತ್ತದೆ ಎಂದು ನನ್ನ ದೇಹ ಕಾಯುತ್ತಲೇ ಇತ್ತು. ಅದು ಬರಲೇ ಇಲ್ಲ. ಎಡಗಾಲನ್ನು ಎಳೆಯಲು ಬಲಗಾಲನ್ನು ಊರಿದೆ, ಬಲಗಾಲು ಇನ್ನಷ್ಟು ಇಳಿಯಿತು. ದೋಣಿಯಲ್ಲಿದ್ದ ನನ್ನ ಗಂಡ ಹಕ್ಕಿಗಳನ್ನು ಸೆಳೆಯಲು ತೇಲಿಬಿಡುವ ದೀಮದ ಬೊಂಬೆ ಬಾತುಗಳನ್ನು ಎಳೆದೊಯ್ಯುವ ಪ್ಲಾಸ್ಟಿಕ್ ಜಾರುಬಂಡಿಯನ್ನು ಹಗ್ಗ ಕಟ್ಟಿ ನನ್ನತ್ತ ತಳ್ಳಿದರು. ಅದರ ಮೇಲೆ ಎದೆಯೂರಿ, ಒಂದೊಂದೇ ಕಾಲನ್ನು ಬಿಡಿಸಿಕೊಂಡು ದೋಣಿ ಸೇರಲು ನಲವತ್ತು ನಿಮಿಷ ಹಿಡಿಯಿತು. ಕೊನೆಯ ಹತ್ತು ನಿಮಿಷ ನೀರು ಮರಳಿ ಬರುತ್ತಿತ್ತು. ಅದರ ಸದ್ದು ಬಹಳ ಮೆಲ್ಲಗಿರುತ್ತದೆ ತಮ್ಮ, ಅಕ್ಕಿ ತೊಳೆಯುವಾಗ ಬರುವಂಥ ಸದ್ದು. ಇಂದಿಗೂ ನನಗೆ ಅದು ಕೇಳುತ್ತದೆ.

ಈ ಕೆಸರು ಹಾಗೇಕೆ ಮಾಡುತ್ತದೆ ಎಂದು ಅರ್ಥವಾದರೆ ಅದರಿಂದ ಬಿಡಿಸಿಕೊಳ್ಳುವ ದಾರಿಯೂ ಅರ್ಥವಾಗುತ್ತದೆ. ಗಟ್ಟಿ ಮೊಸರನ್ನು ಸೌಟಿನಿಂದ ಕಲಕಿದರೆ ತೆಳ್ಳಗಾಗುತ್ತದಲ್ಲ, ಕೊಲ್ಲಿಯ ಜೇಡಿಯೂ ಹಾಗೆಯೇ. ನೀನು ಒದ್ದಾಡಿದಾಗ ಅದು ಸಡಿಲಗೊಂಡು ನಿನ್ನನ್ನು ಇಳಿಸಿಕೊಳ್ಳುತ್ತದೆ. ನೀನು ದಣಿದು ನಿಂತಾಗ ಕಾಲಿನ ಸುತ್ತ ಬಿಗಿಯಾಗುತ್ತದೆ. ನೇರವಾಗಿ ಮೇಲಕ್ಕೆ ಎಳೆದರೆ ಪಾದದ ಕೆಳಗೆ ಖಾಲಿ ಜಾಗ ತುಂಬಲು ಗಾಳಿಯೂ ಇಲ್ಲ, ನೀರೂ ಇಲ್ಲ, ಆದ್ದರಿಂದ ಅದು ಹೀರಿ ಹಿಡಿಯುತ್ತದೆ. ಇದರ ಹತ್ತಿರದ ಸಂಬಂಧಿಯಾದ ಉಸುಬಿನ, ಅಂದರೆ ಕಾಲಿಟ್ಟರೆ ಕುಸಿಯುವ ನೀರುಮರಳಿನ ಬಗ್ಗೆ ಆಮ್‌ಸ್ಟರ್‌ಡ್ಯಾಮಿನ ಭೌತವಿಜ್ಞಾನಿಗಳು 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು: ಹೂತ ಪಾದವನ್ನು ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಎಳೆಯಲು ಒಂದು ಕಾರನ್ನು ಎತ್ತುವಷ್ಟು ಬಲ ಬೇಕು. ಅದೇ ಲೇಖನದಲ್ಲಿ ಧೈರ್ಯದ ಮಾತೂ ಇದೆ. ಮನುಷ್ಯನ ದೇಹ ಆ ರಾಡಿಗಿಂತ ಹಗುರ, ಆದ್ದರಿಂದ ಸೊಂಟದಾಚೆಗೆ ಅದು ನುಂಗುವುದಿಲ್ಲ. ಕೆಸರು ಕೊಲ್ಲುವುದಿಲ್ಲ, ಹಿಡಿದಿಡುತ್ತದೆ. ಕೊಲ್ಲುವುದು ಉಬ್ಬರದ ನೀರು ಮತ್ತು ಚಳಿ.

ಸಿಕ್ಕಿಕೊಂಡ ಕ್ಷಣ ಎಳೆಯುವುದನ್ನು ನಿಲ್ಲಿಸು. ಉಳಿದುದೆಲ್ಲ ಆಮೇಲೆ. ಕೋವಿಯಲ್ಲಿರುವ ತೋಟೆಗಳನ್ನು ತೆಗೆದು ಅದನ್ನು ಪಕ್ಕಕ್ಕೆ ಇಡು. ಹಿಂದಕ್ಕೆ ಕೂತು, ಬೇಕಾದರೆ ಮಲಗಿ, ಭಾರವನ್ನು ಬೆನ್ನಿನ ಅಗಲಕ್ಕೆ ಹರಡು. ಬಟ್ಟೆ ಹಾಳಾಗುತ್ತದೆಂಬ ಸಂಕೋಚದಿಂದಲೇ ಜನ ಮಲಗುವುದಿಲ್ಲ, ನಾನೂ ಹತ್ತು ನಿಮಿಷ ನಿಂತೇ ಇದ್ದೆ. ಒಂದೇ ಕಾಲಿನ ಮೇಲೆ ಗಮನವಿಡು. ಪಾದವನ್ನು ಸಣ್ಣಗೆ ಅಲುಗಾಡಿಸುತ್ತ ಹಿಮ್ಮಡಿಯನ್ನು ಮೊದಲು ಎತ್ತು, ಬೆರಳುಗಳು ಕೆಳಗೆ ಚಾಚಿರಲಿ. ಕಾಲಿನ ಪಕ್ಕದಿಂದ ನೀರು ಇಳಿದು ಪಾದದ ಕೆಳಗೆ ಸೇರಿದರೆ ಹಿಡಿತ ಬಿಡುತ್ತದೆ. ಬಿಟ್ಟ ಕಾಲನ್ನು ಮತ್ತೆ ಊರಬೇಡ, ಮೊಣಕಾಲು ಮಡಚಿ ಅದರ ಕೆಳಗಿನ ಭಾಗವನ್ನು ಕೆಸರಿನ ಮೇಲೆ ಅಡ್ಡ ಇಡು. ಎರಡೂ ಬಿಟ್ಟ ಮೇಲೆ ತೆವಳಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗು. ಯಾವುದಕ್ಕೂ ಬಗ್ಗದಿದ್ದರೆ ಭುಜದ ಪಟ್ಟಿ ಬಿಚ್ಚಿ ವೇಡರ್ಸ್‌ನಿಂದಲೇ ಹೊರಗೆ ಬಾ. ವೇಡರ್ಸ್ ಎಂದರೆ ಎದೆಯವರೆಗೆ ಬರುವ, ಬೂಟು ಸೇರಿದ ಆ ನೀರು ತಡೆಯುವ ಉಡುಪು. ಅದನ್ನು ಕೊಳ್ಳುವಾಗ ಕಣಕಾಲಿನ ಹತ್ತಿರ ಬಿಗಿ ಇರುವುದನ್ನೇ ಆರಿಸು. ಸಡಿಲ ಬೂಟಾದರೆ ಕಾಲು ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ, ಮುಂದಿನ ಹೆಜ್ಜೆಗೆ ನೀನು ಮುಗ್ಗರಿಸುತ್ತೀಯ. ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟದೆ ದೋಣಿ ಹತ್ತಬೇಡ. ಬಿದ್ದರೆ ನೀರು ಒಳನುಗ್ಗುವುದನ್ನು ನಿಧಾನಿಸುವುದು ಅದೇ. ಅದರ ಮೇಲೆ ಜೀವರಕ್ಷಕ ಜಾಕೆಟ್ ಇರಲಿ. ಮೊಬೈಲ್ ನೀರು ಹೋಗದ ಚೀಲದಲ್ಲಿ, ಎದೆಯ ಮಟ್ಟದಲ್ಲಿ, ಕೈಗೆ ಸಿಗುವಂತಿರಲಿ. ಒಂದು ಸೀಟಿ ಕುತ್ತಿಗೆಯಲ್ಲಿರಲಿ, ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಸೀಟಿ ಕಟ್ಟುವುದಿಲ್ಲ.

ಆದರೆ ಸಿಕ್ಕಿಕೊಳ್ಳದಿರುವುದೇ ಕಲಿಯಬೇಕಾದ ವಿದ್ಯೆ. ಕೈಯಲ್ಲಿ ಭುಜದೆತ್ತರದ ಕೋಲು ಬೇಕು, ಪ್ರತಿ ಹೆಜ್ಜೆಗೆ ಮುನ್ನ ಅದನ್ನು ಊರಿ ನೋಡಬೇಕು. ಕೋಲು ತಡೆಯಿಲ್ಲದೆ ಮೊಣಕಾಲುದ್ದ ಇಳಿದರೆ ಅಲ್ಲಿಗೆ ಕಾಲಿಡಬೇಡ. ಗಿಡ ಬೆಳೆದ ಕಡೆ ಬೇರುಗಳ ಹೆಣಿಗೆ ಭಾರ ಹೊರುತ್ತದೆ. ಬೋಳಾಗಿ, ನುಣ್ಣಗೆ, ಕನ್ನಡಿಯಂತೆ ಹೊಳೆಯುವ ಜಾಗವೇ ಅಪಾಯದ್ದು. ತೊರೆಗಳ ಅಂಚು ಮತ್ತು ಕಾಲುವೆ ಬಂದು ಸೇರುವ ಬಾಯಿ ಇನ್ನೂ ಕೆಟ್ಟದ್ದು. ಇಳಿಯಲೇಬೇಕಾದರೆ ಒಂದು ಕೈ ಜಾರುಬಂಡಿಯ ಅಥವಾ ದೋಣಿಯ ಅಂಚನ್ನು ಬಿಡದಿರಲಿ. ಕೋವಿಯನ್ನು ಕೋಲಾಗಿ ಊರುವವರನ್ನು ನೋಡಿದ್ದೇನೆ. ನಳಿಗೆಯ ಬಾಯಿಗೆ ಕೆಸರು ಕಟ್ಟಿಕೊಂಡಿದ್ದರೆ ಮುಂದಿನ ಗುಂಡಿಗೆ ನಳಿಗೆಯೇ ಸಿಡಿಯಬಹುದು. ಬಿದ್ದೆದ್ದ ಮೇಲೆ ತೋಟೆ ತೆಗೆದು, ನಳಿಗೆಯ ಒಳಗೆ ಬೆಳಕು ಕಾಣುತ್ತದೆಯೇ ಎಂದು ನೋಡಿಯೇ ಮತ್ತೆ ತುಂಬಬೇಕು.

ಬಿದ್ದ ಹಕ್ಕಿಯನ್ನು ತರುವುದು ಬೇಟೆಗಾರನ ಧರ್ಮ, ಇಲ್ಲಿನ ನಿಯಮವೂ ಅದಕ್ಕೆ ಪ್ರಾಮಾಣಿಕ ಪ್ರಯತ್ನ ಮಾಡಬೇಕೆನ್ನುತ್ತದೆ. ಆ ಪ್ರಯತ್ನ ಗುಂಡು ಹಾರಿಸುವ ಮೊದಲೇ ಶುರುವಾಗಬೇಕು. ಎಲ್ಲಿ ಬಿದ್ದರೆ ತರಲಾರೆನೋ ಅಲ್ಲಿ ಹಾರುವ ಬಾತಿಗೆ ಗುರಿಯಿಡಬೇಡ. ಹಕ್ಕಿಯ ಜೀವಕ್ಕೂ ಬೆಲೆ ಕೊಟ್ಟಂತಾಯಿತು, ನಿನ್ನದಕ್ಕೂ.

ನಿಮ್ಮ ದಕ್ಷಿಣ ಕೊಲ್ಲಿಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟಿನಲ್ಲಿ ಕಾಣುವುದಕ್ಕಿಂತ ದಕ್ಷಿಣ ತುದಿಯ ಆಲ್ವಿಸೊ ಕಡೆ ನೀರಿನ ಏರಿಳಿತ ಬಹಳ ಹೆಚ್ಚು, ದಿನವೊಂದರಲ್ಲಿ 8 ಅಡಿಗೂ ಮೀರುತ್ತದೆ. ಮಂಗಳೂರಿನ ಕಡಲಿನಲ್ಲಿ ನೀನು ಅಂಥದ್ದನ್ನು ಕಂಡಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಎರಡೂ ಒಂದೇ ಎತ್ತರದವಲ್ಲ. ಬಾತು ಋತುವಿನ ನಡುವೆ, ಡಿಸೆಂಬರ್ ಜನವರಿಯಲ್ಲೇ, ವರ್ಷದ ಅತಿ ದೊಡ್ಡವು ಬರುತ್ತವೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ, ಅದರ ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ನೀರು ಏರಿಬಿಡುತ್ತದೆ. ಮೊದಲ ಗಂಟೆಯ ನಿಧಾನ ನೋಡಿ ಸಮಯವಿದೆ ಎಂದುಕೊಳ್ಳುವವರು ಮೋಸ ಹೋಗುವುದು ಇಲ್ಲಿಯೇ. ಇಂಗ್ಲೆಂಡಿನ ಮೋರ್ಕಮ್ ಕೊಲ್ಲಿಯಲ್ಲಿ 2004ರ ಫೆಬ್ರವರಿ 5ರ ರಾತ್ರಿ ಚಿಪ್ಪು ಆರಿಸಲು ಇಳಿದಿದ್ದ ಕನಿಷ್ಠ 21 ಚೀನೀ ಕಾರ್ಮಿಕರು ಉಬ್ಬರಕ್ಕೆ ಸಿಕ್ಕಿ ಸತ್ತರು. ಅವರೂ ನಮ್ಮಂತೆ ಪರದೇಶಕ್ಕೆ ದುಡಿಯಲು ಬಂದವರು. ಆ ನೀರಿನ ಲೆಕ್ಕವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೆಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೀರು ಇಳಿದು ದೋಣಿಯೇ ಕೆಸರಿನ ಮೇಲೆ ಕೂತುಬಿಟ್ಟರೆ ಇಳಿಯಬೇಡ. ದಡ ಕಣ್ಣಿಗೆ ಕಾಣುತ್ತಿರುತ್ತದೆ, ನೂರು ಗಜ ಎನಿಸುತ್ತದೆ, ನಡೆದುಬಿಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದೋಣಿಯಲ್ಲೇ ಕೂತಿರು. ದಡದಲ್ಲಿರುವವರಿಗೆ ಫೋನ್ ಮಾಡಿ ತಡವಾಗುತ್ತದೆಂದು ತಿಳಿಸು, ಹೋದ ನೀರು ತಾನಾಗಿ ಬಂದು ಎತ್ತುತ್ತದೆ. ಅದಕ್ಕಾಗಿಯೇ ಒಂದು ಹೊತ್ತಿನ ಬುತ್ತಿ, ಕುಡಿಯುವ ನೀರು, ಒಣ ಉಣ್ಣೆಯ ಬಟ್ಟೆ ಹೆಚ್ಚಾಗಿ ಇಟ್ಟುಕೊಳ್ಳಬೇಕು. ಚಳಿಗಾಲದಲ್ಲಿ ಆ ನೀರು ಸುಮಾರು 10ರಿಂದ 12 ಡಿಗ್ರಿ ಸೆಲ್ಸಿಯಸ್. ಬಿದ್ದವನಿಗೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಸುಮಾರು ಹತ್ತು ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ, ಒಂದು ಗಂಟೆಯ ಸುಮಾರಿಗೆ ಪ್ರಜ್ಞೆ ಹೋಗುತ್ತದೆ ಎಂಬುದು ಇಲ್ಲಿ ಕಲಿಸುವ ಲೆಕ್ಕ. ಕೆಸರಿನಲ್ಲಿ ಹೂತವನಿಗೆ ಆ ಹತ್ತು ನಿಮಿಷವೇ ಎಲ್ಲ.

ಸಿಕ್ಕಿಕೊಂಡವರು ನಿನ್ನ ಜೊತೆಗಾರರಾದರೆ, ಅವರ ಬಳಿಗೆ ನಡೆದು ಹೋಗಬೇಡ, ಒಬ್ಬರ ಬದಲು ಇಬ್ಬರಾಗುತ್ತೀರಿ. ಹಲಗೆ, ಹುಟ್ಟು, ಜಾರುಬಂಡಿ, ಏನಿದೆಯೋ ಅದನ್ನು ಅವರತ್ತ ತಳ್ಳು. ಉಬ್ಬರಕ್ಕೆ ಇನ್ನೆಷ್ಟು ಹೊತ್ತಿದೆ ನೋಡು, ಸಂದೇಹವಿದ್ದರೆ ತಕ್ಷಣ 911ಕ್ಕೆ ಕರೆಮಾಡು. ಮುಜುಗರಪಟ್ಟು ಅರ್ಧ ಗಂಟೆ ಕಾಯುವುದು ಬೇಡ. ನಮ್ಮವರಲ್ಲಿ ಈ ಮುಜುಗರ ಹೆಚ್ಚು, ಅದರಲ್ಲೂ ವೀಸಾದ ಮೇಲಿರುವವರಲ್ಲಿ. ಅಪಾಯದಲ್ಲಿ ನೆರವು ಕೇಳಿದ್ದಕ್ಕೆ ಯಾರ ವೀಸಾಕ್ಕೂ ಕುಂದು ಬಂದದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ.

ಕಚೇರಿಯ ಆ ಹಿರಿಯರು ನಿನ್ನನ್ನು ಹೆದರಿಸಿದ್ದಾರೆ ಎಂದೆಯಲ್ಲ, ಅದರಿಂದಲೇ ಅವರ ಮೇಲೆ ನನಗೆ ನಂಬಿಕೆ ಬಂದಿದೆ. ಅವರ ಜೊತೆ ಹೋಗು. ಹೋಗುವ ಮುನ್ನ ಒಂದು ಶನಿವಾರ ಡೇವಿಸ್‌ನಿಂದ ನಾವಿಬ್ಬರೂ ಆಲ್ವಿಸೊಕ್ಕೆ ಬರುತ್ತೇವೆ. ಇಳಿತದ ಹೊತ್ತಿಗೆ ಅಲ್ಲಿನ ಏರಿಯ ಮೇಲೆ ನಿಂತು, ಉದ್ದದ ಕೋಲೊಂದನ್ನು ಕೆಳಗಿನ ಕೆಸರಿಗೆ ನೀನೇ ಊರಿ ನೋಡು, ಎಷ್ಟು ಇಳಿಯುತ್ತದೆಂದು. ಆಮೇಲೆ ಅಲ್ಲೇ ಬುತ್ತಿ ಬಿಚ್ಚೋಣ, ಕಡುಬು ಮಾಡಿ ತರುತ್ತೇನೆ. ವೇಡರ್ಸ್ ಕೊಂಡಿದ್ದರೆ ಜೊತೆಗೆ ತಾ, ಕಣಕಾಲಿನ ಬಿಗಿ ಸರಿಯಿದೆಯೇ ಎಂದು ನೋಡಬೇಕು.

ಅಕ್ಕ