ಮಗಳ ಬಾಡಿಗೆ ಮನೆಯೂ ಕೆಳಮನೆಯವರ ದೂರೂ

ಮಾನ್ಯರೇ,

ಜರ್ಮನಿಯಲ್ಲಿ ಬಾಡಿಗೆಗಿರುವ ಮಗಳ ಮನೆಗೆ ಕಲಬುರಗಿಯಿಂದ ನಿಮ್ಮ ಮನೆಯವರು ಹೋದಾಗಿನಿಂದ, ಜೋಳದ ರೊಟ್ಟಿ ಬಡಿಯುವ ಸದ್ದಿಗೂ ಮೊಮ್ಮಗನ ಓಡಾಟಕ್ಕೂ ಕೆಳಮನೆಯವರು ಪದೇಪದೇ ದೂರುತ್ತಿದ್ದಾರೆ, ಮನೆ ಬಿಡಬೇಕಾದೀತೇ ಎಂದು ಕೇಳಿದ್ದೀರಿ. ದಯವಿಟ್ಟು ಗಾಬರಿಯಾಗಬೇಡಿ. ಬಾಡಿಗೆ ಒಪ್ಪಂದವನ್ನು ರದ್ದುಪಡಿಸುವ ಹಕ್ಕು ನೆರೆಯವರಿಗಿಲ್ಲ. ಮಾಲೀಕರು ಕೂಡ ಸಾಮಾನ್ಯವಾಗಿ ಮೊದಲು ಎಚ್ಚರಿಕೆ ಕೊಟ್ಟು, ತಿದ್ದಿಕೊಳ್ಳಲು ಅವಕಾಶ ನೀಡಬೇಕಾಗುತ್ತದೆ. ಚಿಕ್ಕ ಮಕ್ಕಳ ಸಹಜ ಗಲಾಟೆಯನ್ನು ಅಲ್ಲಿನ ನ್ಯಾಯಾಲಯಗಳು ಬಹುಮಟ್ಟಿಗೆ ಸಹಿಸಿಕೊಳ್ಳಬೇಕೆಂದೇ ಹೇಳುತ್ತವೆ.

ರೊಟ್ಟಿಯ ವಿಷಯ ಬೇರೆ. ನಮ್ಮ ಮನೆಗಳಲ್ಲಿ ಶಹಾಬಾದಿ ಫರಸಿ ಕಲ್ಲಿನ ಮೇಲೆ ಬಡಿದರೆ ಸದ್ದು ಅಲ್ಲೇ ಅಡಗುತ್ತದೆ. ಅಲ್ಲಿಯ ಅಡುಗೆಕಟ್ಟೆ ಹೆಚ್ಚಾಗಿ ಮರದ ಹಲಗೆಯದಾಗಿದ್ದು, ಕಪಾಟು, ಗೋಡೆಗಳ ಮೂಲಕ ಪ್ರತಿ ಏಟೂ ಕೆಳಗಿಳಿಯುತ್ತದೆ. ಪರಾತದ ಕೆಳಗೆ ದಪ್ಪನೆಯ ರಬ್ಬರ್ ಹಾಳೆ ಅಥವಾ ನಾಲ್ಕು ಮಡಿಕೆಯ ಟವೆಲ್ ಹಾಸಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರವಂತೂ ಇಡೀ ದಿನ, ಅಲ್ಲಿ ಶಾಂತಿ ಕಾಪಾಡಬೇಕಾದ ಹೊತ್ತು. ಆದ್ದರಿಂದ ಭಾನುವಾರದ ರೊಟ್ಟಿಯನ್ನು ಶನಿವಾರ ಸಂಜೆಯೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಟ್ಟಡದ ನಿಯಮಪತ್ರದಲ್ಲಿ ಮಧ್ಯಾಹ್ನದ ವಿರಾಮವೂ ಇರಬಹುದು, ಓದಿ ನೋಡಲಿ.

ಕೆಳಮನೆಯವರು ದಿನಾಂಕ, ವೇಳೆ ಸಹಿತ ಸದ್ದಿನ ದಿನಚರಿ ಬರೆದಿಡುವುದು ಅಲ್ಲಿ ವಾಡಿಕೆ. ನಿಮ್ಮ ಮಗಳೂ ಯಾವಾಗ ಏನು ನಡೆಯಿತೆಂದು ಬರೆದಿಟ್ಟುಕೊಳ್ಳಲಿ. ಒಮ್ಮೆ ತಾನೇ ಕೆಳಗೆ ಹೋಗಿ ತಾಯಿಯನ್ನು ಪರಿಚಯಿಸಿ ಮಾತಾಡಲಿ, ನನಗೆ ಇದರಲ್ಲೇ ಹೆಚ್ಚು ನಂಬಿಕೆ. ಮಾಲೀಕರಿಂದ ಪತ್ರ ಬಂದರೆ ಮಾತ್ರ, ಉತ್ತರಿಸುವ ಮೊದಲು ಊರಿನ ಬಾಡಿಗೆದಾರರ ಸಂಘದ, ಅಂದರೆ ಮೀಟರ್‌ಫೆರೈನ್‌ನ, ಸದಸ್ಯಳಾಗಿ ಅವರ ವಕೀಲರಿಗೆ ತೋರಿಸಲಿ.