ಕದ್ದ ಚಿತ್ರ ವಾಪಸ್ ಸಿಕ್ಕಿದ ಮೇಲೂ ಅದನ್ನು ರಿಪೇರಿ ಮಾಡೋದು ಯಾಕೆ?

ಯಾಕೆಂದರೆ ಕಳ್ಳರು ಚಿತ್ರವನ್ನು ಗೋಡೆಯಿಂದ ನಾಜೂಕಾಗಿ ಇಳಿಸುತ್ತಾ ಕೂರುವುದಿಲ್ಲ, ಎಷ್ಟೋ ಸಲ ಚೌಕಟ್ಟಿನೊಳಗಿನ ಬಟ್ಟೆಯನ್ನೇ ಬ್ಲೇಡಿನಿಂದ ಕುಯ್ದು ಒಯ್ಯುತ್ತಾರೆ. ಯುರೋಪಿನ ಪುಟ್ಟ ದ್ವೀಪ ದೇಶ ಮಾಲ್ಟಾದಲ್ಲಿ ಆಗಿದ್ದೂ ಅದೇ. ಅಲ್ಲಿನ ರಾಜಧಾನಿ ವಲೆಟ್ಟಾದ ಸೇಂಟ್ ಜಾನ್ ಚರ್ಚಿನಲ್ಲಿದ್ದ, ಇಟಲಿಯ ಕಲಾವಿದ ಕಾರವಾಜ್ಜೋನ 'ಸಂತ ಜೆರೋಮ್' ಚಿತ್ರ (ಸಂತ ಕೂತು ಬರೆಯುತ್ತಿರುವ ದೃಶ್ಯ) 1984ರ ಡಿಸೆಂಬರಿನಲ್ಲಿ ಹೀಗೇ ಕಳುವಾಯಿತು. ದುಡ್ಡು ಕೇಳಿದ ಕಳ್ಳರು, ಚಿತ್ರ ತಮ್ಮ ಹತ್ತಿರವೇ ಇದೆ ಅಂತ ನಂಬಿಸಲು ಅದರದ್ದೇ ಚೂರು ಕತ್ತರಿಸಿ ಕಳಿಸಿದರು! ಮ್ಯೂಸಿಯಂ ನಿರ್ದೇಶಕರಾಗಿದ್ದ ಪಾದ್ರಿ ಮಾರಿಯಸ್ ಜೆರಾಫಾ ಫೋನಿನಲ್ಲಿ ಅವರನ್ನು ಮಾತಿಗೆಳೆಯುತ್ತಾ ಹೋದರು, 1987ರಲ್ಲಿ ಚಿತ್ರ ಸಿಕ್ಕಿತು.

ಹಳೇ ಎಣ್ಣೆ ಬಣ್ಣ ಅಂದರೆ ಒಣಗಿದ ಹಪ್ಪಳ ಇದ್ದ ಹಾಗೆ. ಕೆಳಗಿನ ಬಟ್ಟೆ ಬಾಗುತ್ತದೆ, ಮೇಲಿನ 380 ವರ್ಷದ ಬಣ್ಣ ಬಾಗುವುದಿಲ್ಲ, ಹಾಗಾಗಿ ಸುತ್ತಿದರೆ ಸಾಕು, ಬಿರುಕು ಬಿಟ್ಟು ಉದುರುತ್ತದೆ. ಇಂಥ ಚಿತ್ರಕ್ಕೆ ಸಾಮಾನ್ಯವಾಗಿ ಮೊದಲು ಎದ್ದ ಬಣ್ಣವನ್ನು ಅಂಟಿನಿಂದ ಕೂರಿಸಿ, ಹಿಂದೆ ಹೊಸ ಬಟ್ಟೆ ಕೊಟ್ಟು, ಬಣ್ಣ ಹೋದ ಜಾಗಕ್ಕೆ ಮಾತ್ರ ಬಣ್ಣ ತುಂಬುತ್ತಾರೆ. ಅದೂ ಮುಂದೆ ಬೇಕಾದರೆ ಒರೆಸಿ ತೆಗೆಯಬಹುದಾದ ಬಣ್ಣ. ಮೂಲ ಕಲಾವಿದನ ಗೆರೆಯ ಮೇಲೆ ಕೈ ಇಡುವ ಹಾಗಿಲ್ಲ, ಅಲ್ವಾ? ಜೆರೋಮನ ರಿಪೇರಿ ರೋಮ್‌ನಲ್ಲಿ ಆಯಿತು, ಈಗ ಅವನು ಮತ್ತೆ ಅದೇ ಚರ್ಚಿನಲ್ಲಿ ಬರೆಯುತ್ತಾ ಕೂತಿದ್ದಾನೆ.