ಮೊದಲು ನಮ್ಮ ಓಣಿಯ ವೈರಸ್

ಗಂಗಾವತಿಯ ಹೈಸ್ಕೂಲ್ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಎಬೋಲಾ, ಮಾರ್ಬರ್ಗ್, ನಿಪಾದಂಥ ಭಯಂಕರ ವೈರಸ್‌ಗಳ ಬಗ್ಗೆ ಒಂದು ಲೇಖನಮಾಲೆ ಬೇಕಂತೆ. ಕೊನೆಗೆ ಒಂದು ಮಾತು ಸೇರಿಸಿದ್ದಾರೆ: "ನಾಯಿ ಕಡಿತದ ಬಗ್ಗೆ ಹೋದ ತಿಂಗಳೂ ಬರೆದಿರಿ. ಅದು ಎಲ್ಲರಿಗೂ ಗೊತ್ತಿರೋ ಹಳೇ ವಿಷಯ ಅಲ್ವಾ ಸರ್?"

ಮಾಸ್ತರರೇ, ನಿಮ್ಮ ಕುತೂಹಲ ಒಳ್ಳೆಯದೇ. ನಿಪಾ 2018ರಲ್ಲಿ ಪಕ್ಕದ ಕೇರಳದ ಕೋಯಿಕ್ಕೋಡ್‌ಗೇ ಬಂದಿತ್ತು, ಅದನ್ನೂ ತಿಳಿದಿರಬೇಕು. ಆದರೆ ನಿಮ್ಮ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ.

ಎಬೋಲಾದ ಅತಿ ದೊಡ್ಡ ಹಾವಳಿ ನಡೆದದ್ದು ಪಶ್ಚಿಮ ಆಫ್ರಿಕಾದಲ್ಲಿ, 2014ರಿಂದ 2016ರವರೆಗೆ. ಸತ್ತವರು 11,000ಕ್ಕಿಂತ ಸ್ವಲ್ಪ ಜಾಸ್ತಿ. ನಾಯಿ ಕಡಿತದಿಂದ ಬರುವ ರೇಬೀಸ್‌ಗೆ ಪ್ರತಿ ವರ್ಷ ಸುಮಾರು 59,000 ಜನ ಬಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನಮ್ಮ ದೇಶದ್ದೇ. ಎಬೋಲಾ ತಗುಲಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ.

ಎಲ್ಲರಿಗೂ ಗೊತ್ತು ಅಂದಿರಲ್ಲ, ಕೇಳಿ. ಸಿಂಧನೂರು ಕಡೆಯ ನಮ್ಮ ಪತ್ರಿಕೆ ಏಜೆಂಟರ ಸಂಬಂಧಿಕರ ಹುಡುಗ. ಕುರಿ ಕಾಯಲು ಹೋದಾಗ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಅಜ್ಜಿ ಗಾಯಕ್ಕೆ ಖಾರದ ಪುಡಿ ಮೆತ್ತಿದಳು. ಆಸ್ಪತ್ರೆಗೂ ಹೋದರು. ಇಂಜೆಕ್ಷನ್ ಖಾಲಿ ಆಗಿದೆ, ಸೋಮವಾರ ಬನ್ನಿ ಅಂದರು. ಸೋಮವಾರ ಭತ್ತದ ಕೊಯ್ಲು. ಗಾಯವೂ ಒಣಗಿತ್ತು. ಎರಡು ತಿಂಗಳಾದ ಮೇಲೆ ಹುಡುಗ ನೀರಿನ ಲೋಟ ಕಂಡರೆ ಬೆಚ್ಚತೊಡಗಿದ. ಉಳಿಯಲಿಲ್ಲ.

ನಾಯಿ ಕಡಿತ ಅಪಾಯ ಅಂತ ಆ ಅಜ್ಜಿಗೂ ಗೊತ್ತಿತ್ತು. ಸೋಪಿನ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಈ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆ ಇರುತ್ತದೆ. ಸೋಪು ಅದನ್ನು ಕರಗಿಸುತ್ತದೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಬೇಕು. ಸುಣ್ಣ, ಖಾರ ಏನೂ ಹಚ್ಚಬಾರದು. ವೈರಸ್ ನರದ ಗುಂಟ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಅಷ್ಟರೊಳಗೆ ಲಸಿಕೆ ಕೆಲಸ ಶುರು ಮಾಡಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಿಂತು 20 ವರ್ಷ ಆಯಿತು. ಈಗ ತೋಳಿಗೆ ಹಾಕುತ್ತಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಕೊಟ್ಟದ್ದು 1885ರಲ್ಲಿ. ನಮ್ಮ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾದದ್ದು 1907ರಲ್ಲಿ. ಇಷ್ಟು ಹಳೆಯ ಮದ್ದು ಕೈಯಲ್ಲಿದ್ದೂ ಮಕ್ಕಳು ಸಾಯುತ್ತಿದ್ದಾರಲ್ಲ, ನನ್ನ ಸಿಟ್ಟು ಇದಕ್ಕೆ. ಪಕ್ಕದ ಗೋವಾ ನಾಯಿಗಳಿಗೇ ಲಸಿಕೆ ಹಾಕುತ್ತಾ ಬಂದು 2021ರಲ್ಲಿ ತನ್ನನ್ನು ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿಕೊಂಡಿತು. ನಮ್ಮಲ್ಲಿ ನಾಯಿ ಕೊಲ್ಲಿ ಅನ್ನುವವರು ಒಂದು ಕಡೆ, ಮುಟ್ಟಬೇಡಿ ಅನ್ನುವವರು ಇನ್ನೊಂದು ಕಡೆ. ಲಸಿಕೆ ಹಿಡಿದು ಓಣಿಗೆ ಬರುವವರು ಮಾತ್ರ ಕಾಣುವುದಿಲ್ಲ. ಬೀದಿನಾಯಿಗಳನ್ನು ಸೆಳೆಯುವ ಮಾಂಸದಂಗಡಿಯ ತ್ಯಾಜ್ಯ ರಸ್ತೆ ಬದಿಗೇ ಬೀಳುತ್ತದೆ. ಟಿವಿಗಳಂತೂ ಎಲ್ಲೋ ದೂರದ ಹೊಸ ವೈರಸ್ಸನ್ನು ದಿನವಿಡೀ ತೋರಿಸುತ್ತವೆ. ಕುರಿ ಕಾಯುವ ಹುಡುಗನ ಸಾವಿಗೆ ಒಳಪುಟದಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಬಡವರ ಕಾಯಿಲೆಗೆ ನಮ್ಮ ಪತ್ರಿಕೋದ್ಯಮದಲ್ಲಿ ಯಾವತ್ತೂ ಜಾಗ ಕಮ್ಮಿ.

ನೀವು ಕೇಳಿದ ಲೇಖನಮಾಲೆ ಖಂಡಿತ ಬರುತ್ತದೆ. ಮೊದಲ ಕಂತು ರೇಬೀಸ್, ಆಮೇಲೆ ಎಬೋಲಾ. ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮಂಥ ಮಾಸ್ತರರ ಮಾತನ್ನು ಮಕ್ಕಳು ಅಪ್ಪನ ಮಾತಿಗಿಂತ ಜಾಸ್ತಿ ಕೇಳುತ್ತಾರೆ. ನಾಯಿ ಕಚ್ಚಿದ್ದನ್ನೋ ಪರಚಿದ್ದನ್ನೋ ಬೈತಾರೆ ಅಂತ ಮನೆಯಲ್ಲಿ ಮುಚ್ಚಿಟ್ಟವರು ಯಾರಿದ್ದೀರಿ ಅಂತ ತರಗತಿಯಲ್ಲಿ ಕೇಳಿ. ಕೈ ಎತ್ತಿದವರ ಮನೆಗೆ ಅವತ್ತೇ ತಿಳಿಸಿ, ಆಸ್ಪತ್ರೆಗೆ ಕಳಿಸಿ. ಎಷ್ಟು ಕೈ ಎದ್ದವು, ಆಸ್ಪತ್ರೆಯಲ್ಲಿ ಲಸಿಕೆ ಸಿಕ್ಕಿತೋ ಇಲ್ಲವೋ ಎಂದು ನನಗೆ ಬರೆಯಿರಿ. ಮೊದಲ ಕಂತಿನ ಜೊತೆಗೆ ಆ ಪತ್ರವನ್ನೂ ಹಾಕುತ್ತೇನೆ.

— ಸಂಪಾದಕ